ಜವರಪ್ಪನ ಎಡೆಗೆ ಎರಡು ಲೋಟ

ಹರಿಪ್ರಸಾದನಿಗೆ ತನ್ನ ಬಗ್ಗೆ ಎರಡು ವಿಷಯ ಖಚಿತವಾಗಿ ಗೊತ್ತಿದ್ದವು. ಒಂದು, ಸೋಂಪುರದ ಪೇಂಟ್ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ. ಇನ್ನೊಂದು, ಅದನ್ನು ಬಿಟ್ಟು ಬೇರೆ ಏನಕ್ಕೆ ಕೈ ಹಾಕಿದರೂ ತಾನು ಕೈ ಸುಟ್ಟುಕೊಂಡೇ ವಾಪಸು ಬರುವುದು. ಮೊದಲನೆಯದನ್ನು ಮ್ಯಾನೇಜರು ಹೇಳಿದ್ದರು. ಎರಡನೆಯದನ್ನು ಹೆಂಡತಿ ಅನಸೂಯ ಹೇಳಿದ್ದಳು, ಅದೂ ಅವನು ಮನೆಯಲ್ಲೇ ಅಣಬೆ ಬೆಳೆಯಲು ಹೋಗಿ ಮಂಚದ ಕೆಳಗೆ ಬರೀ ಬೂಷ್ಟು ಬೆಳೆದ ವರ್ಷ.

ಹಾಗಾಗಿ ಮಧುರೆ ಹತ್ತಿರದ ತಮ್ಮ ದ್ರಾಕ್ಷಿ ತೋಟದಲ್ಲಿ ವೈನ್ ಮಾಡುತ್ತೇನೆ ಎಂದು ಅವನು ಹೇಳಿದಾಗ ಮನೆಯವರು ಯಾರೂ ಗಾಬರಿಯಾಗಲಿಲ್ಲ. ಜ್ವರ ಬಂದವನನ್ನು ನೋಡುವ ಹಾಗೆ ನೋಡಿದರು, ಅಷ್ಟೇ. ಅನಸೂಯ ಮಾತ್ರ, "ಮಂಚದ ಕೆಳಗಂತೂ ಬೇಡ ಕಣ್ರೀ" ಅಂದಳು.

ತೋಟ ತಾತ ಜವರಪ್ಪ ಮಾಡಿದ್ದು. ಕಲ್ಲುಕಂಬ ನಿಲ್ಲಿಸಿ, ತಂತಿ ಎಳೆದು, ಬ್ಲೂ ದ್ರಾಕ್ಷಿಯ ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸಿದವನು ಅವನೇ. ಅವನು ತೀರಿಕೊಂಡ ಮೇಲೆ ಜಮೀನು ಅಜ್ಜಿ ಕದಿರಮ್ಮನ ಹೆಸರಿಗೆ ಬಂದಿತ್ತು. ಹರಿ ಲೈಸೆನ್ಸಿಗಾಗಿ ಓಡಾಡಿದ, ರಜೆ ಹಾಕಿ ತರಬೇತಿಗೆ ಹೋಗಿಬಂದ, ಮೊಬೈಲಿನಲ್ಲಿ ಯಾವ್ಯಾವುದೋ ದೇಶದ ಗಡ್ಡದವರು ಗ್ಲಾಸು ತಿರುಗಿಸುವ ವಿಡಿಯೋಗಳನ್ನು ಊಟ ಬಿಟ್ಟು ನೋಡಿದ. ಅವರೆಲ್ಲ ಕೆಂಪು ವೈನಿನ ಬಗ್ಗೆ ಮಾತಾಡುವಾಗ ತೊಗಲು, ಹೊಗೆಸೊಪ್ಪು, ಒದ್ದೆ ಮಣ್ಣಿನ ವಾಸನೆ ಎಂದೆಲ್ಲ ಹೇಳುತ್ತಿದ್ದರು. ತನ್ನ ವೈನ್ ಕೂಡ ಹಾಗೇ ಇರಬೇಕು ಅಂತ ಹರಿಗೆ ಆಸೆ. ಗಾಢವಾಗಿ, ಕಪ್ಪಾಗಿ, ಕುಡಿದವನು ಸ್ವಲ್ಪ ಹೊತ್ತು ಮಾತು ನಿಲ್ಲಿಸುವ ಹಾಗೆ.

ಅದಕ್ಕೆ ದ್ರಾಕ್ಷಿಯ ಸಿಪ್ಪೆ ಒಂದು ವಾರವಾದರೂ ರಸದಲ್ಲೇ ನೆನೆಯಬೇಕು. ಬಣ್ಣ ಬಿಡುವುದು ಸಿಪ್ಪೆಯೇ. ಎರಡನೇ ದಿನ ಹರಿ ಡ್ಯೂಟಿಗೆ ಹೋಗಿದ್ದಾಗ ಅಪ್ಪ ಬೈಲಪ್ಪ ಡ್ರಮ್ಮಿನ ಮುಚ್ಚಳ ತೆಗೆದು ನೋಡಿದ. ಸಿಪ್ಪೆಯೆಲ್ಲ ಮೇಲೆ ಉಕ್ಕಿ ಬುಸುಗುಡುತ್ತಿತ್ತು. ಪಾಪ, ಮಗನ ಕಷ್ಟ ಹಳಸಿಹೋಗುತ್ತಿದೆ ಅಂದುಕೊಂಡು, ಹಳೇ ಪಂಚೆಯಲ್ಲಿ ಅಷ್ಟನ್ನೂ ಸೋಸಿ, ಸಿಪ್ಪೆಯನ್ನು ಹಸುಗಳ ಮುಂದೆ ಸುರಿದ. ಆ ಸಂಜೆ ಹಸುಗಳು ಹಾಲು ಕರೆಯಲು ಬಿಡಲಿಲ್ಲ. ಹರಿ ಬಂದು ನೋಡಿದಾಗ ಬೈಲಪ್ಪ, "ಸ್ವಲ್ಪದರಲ್ಲೇ ಉಳಿಸ್ಕೊಂಡೆ ನೋಡು" ಅಂದ. ಹರಿಗೆ ಅಳಬೇಕೋ ಥ್ಯಾಂಕ್ಸ್ ಹೇಳಬೇಕೋ ತಿಳಿಯಲಿಲ್ಲ.

ವೈನ್ ಆಯಿತು. ಆದರೆ ತೆಳ್ಳಗೆ, ತಿಳಿಯಾಗಿ, ಬೆಳಕಿಗೆ ಹಿಡಿದರೆ ಆಚೆ ಕಡೆ ನಿಂತವರ ಮೂಗು ಕಾಣುವಷ್ಟು ಹಗುರ ಕೆಂಪು. ಬಣ್ಣವೇ ಕಸುಬಾದವನಿಗೆ ಇದಕ್ಕಿಂತ ಅವಮಾನ ಬೇಕೆ? ಕಾರ್ಖಾನೆಯ ಶೇಡ್ ಕಾರ್ಡನ್ನು ಬಾಟಲಿಯ ಪಕ್ಕ ಹಿಡಿದು ನೋಡಿದ. ಯಾರೋ ಮಕ್ಕಳ ಕೋಣೆಗೆ ಆರಿಸಿಕೊಳ್ಳುವ ಬಣ್ಣದ ಹತ್ತಿರ ಬಂತು. ಜೊತೆಯಲ್ಲಿ ಕೆಲಸ ಮಾಡುವ ಅಮರ್ ಒಂದು ಲೋಟ ಕುಡಿದು, "ಏನ್ ಗುರು, ಆಸ್ಪತ್ರೇಲಿ ಮಲಗಿರೋರಿಗೆ ಕೊಡೋ ದಾಳಿಂಬೆ ಜ್ಯೂಸು ಇದ್ದಂಗಿದೆ" ಅಂದ. ಅಂದವನು ಇನ್ನೊಂದು ಲೋಟ ಹಾಕಿಸಿಕೊಂಡಿದ್ದು ಹರಿಯ ಗಮನಕ್ಕೆ ಬರಲಿಲ್ಲ. ಮೊದಲನೇ ಮಾತಿಗೇ ಅವನ ಕಿವಿ ಮುಚ್ಚಿಹೋಗಿತ್ತು.

ಆಮೇಲಿನ ಆರು ತಿಂಗಳು ಅವನು ದಿನಾ ಸಂಜೆ ಉದ್ದ ಕಾಲಿನ ಗಾಜಿನ ಗ್ಲಾಸಿಗೆ ಒಂದಿಷ್ಟು ಬಗ್ಗಿಸಿಕೊಂಡು, ಕಿಟಕಿಗೆ ಹಿಡಿದು, ನಿಟ್ಟುಸಿರು ಬಿಟ್ಟು, ಬಾಯಿಗೆ ಹಾಕಿಕೊಂಡು, ವಿಡಿಯೋದಲ್ಲಿ ಮಾಡುವ ಹಾಗೆ ಗಳಗಳ ಅನ್ನಿಸಿ ಕರಿಬೇವಿನ ಗಿಡದ ಬುಡಕ್ಕೆ ಉಗಿಯುತ್ತಿದ್ದ. ಕರಿಬೇವು ಮಾತ್ರ ಸೊಗಸಾಗಿ ಚಿಗುರಿತು.

ಅಷ್ಟರಲ್ಲಿ ಚಿಕ್ಕಪ್ಪ ಮುನಿರಾಜ್ ಒಂದು ಸುದ್ದಿ ತಂದ. ಆನ್‌ಲೈನ್ ಸಾಮಾನು ಕಳಿಸುವ ಕಂಪನಿಯೊಂದು ಗೋಡೌನ್ ಕಟ್ಟಿಕೊಡುವವರನ್ನು ಹುಡುಕುತ್ತಿತ್ತು. ರಸ್ತೆ ಪಕ್ಕದ ಜಾಗ ಅಂದರೆ ತೋಟವೇ. ಮುನಿರಾಜ್ ಕೆಟ್ಟವನಲ್ಲ. ಔಷಧಿ ಹೊಡೆದು ಹೊಡೆದು ಕೈ ಸಿಪ್ಪೆ ಸುಲಿದವನು, ಬೆಳಗಾಗುವ ಮೊದಲೇ ಎದ್ದು ಬಳ್ಳಿ ನೋಡಿಕೊಂಡವನು. ಹರಿ ಮೊಬೈಲಿನಲ್ಲಿ ದ್ರಾಕ್ಷಿ ನೋಡುವ ಹೊತ್ತಿನಲ್ಲೆಲ್ಲ ತೋಟದಲ್ಲಿ ದ್ರಾಕ್ಷಿ ನೋಡುತ್ತಿದ್ದವನು ಅವನು. ಸಾಕಾಗಿತ್ತು.

ಜಗಲಿಯ ಮೇಲೆ ಪಂಚಾಯಿತಿ ಆಯಿತು. ಹರಿ, "ತಾತ ನೆಟ್ಟ ಬಳ್ಳಿ ಚಿಕ್ಕಪ್ಪ, ಕೀಳೋದಾ?" ಅಂದ. ಧ್ವನಿ ನಡುಗಲಿ ಅಂತಲೇ ಸ್ವಲ್ಪ ನಡುಗಿಸಿದ. ಆದರೆ ಅದು ತಾನಾಗಿಯೇ ಇನ್ನೂ ಜಾಸ್ತಿ ನಡುಗಿ ಅವನಿಗೇ ಆಶ್ಚರ್ಯವಾಯಿತು. ಬಳ್ಳಿ ಹೋದರೆ ತನ್ನಲ್ಲಿ ಉಳಿಯುವುದು ಶೇಡ್ ಕಾರ್ಡು ಒಂದೇ ಎಂದು ಆಗ ಹೊಳೆದಿತ್ತು.

ಕದಿರಮ್ಮ ಎಲೆಗೆ ಸುಣ್ಣ ಸವರುತ್ತ ಕೇಳಿದಳು. "ಏನ್ಲಾ ಹರಿ, ದಿನಾ ಸಾಯಂಕಾಲ ನೀನೇ ಉಗೀತೀಯ. ನೀನೇ ಉಗಿಯೋದನ್ನ ಬೇರೆಯೋರು ಯಾಕ್ಲಾ ಕುಡೀಬೇಕು?"

"ಅಜ್ಜಿ, ಅದು ರುಚಿ ನೋಡೋ ಪದ್ಧತಿ. ಎಲ್ಲಾ ದೇಶದಲ್ಲೂ ಹಂಗೇ ನೋಡೋದು."

"ನಾನೂ ಮದ್ವೆಯಾಗಿ ಬಂದಾಗಿಂದ ಸಾರಿಗೆ ಉಪ್ಪು ನೋಡ್ತಾ ಇವ್ನಿ. ಯಾವತ್ತಾದ್ರೂ ಉಗ್ದಿದ್ದೀನಾ?"

ಹರಿ ಕೈಯಲ್ಲಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಕದಿರಮ್ಮ ಮಕ್ಕಳ ಕಡೆ ತಿರುಗಿ ತೀರ್ಮಾನ ಕೊಟ್ಟಳು. "ಪಿತೃಪಕ್ಷ ಬಂತಲ್ಲ. ವರ್ಷದ ತಿಥಿ ಎಲ್ಲಾ ಮುಗಿದ ಮೇಲೆ ನಿಮ್ಮಪ್ಪನಿಗೆ ಇದೇ ಮೊದಲ ಎಡೆ. ಅವರು ಕುಡೀತಿದ್ದ ಬ್ರಾಂದೀನೂ ಇಡಿ, ಇವನ ಕೆಂಪು ನೀರೂ ಇಡಿ. ಬಳ್ಳಿ ನೆಟ್ಟೋರು ಅವರೇ, ಅವರೇ ಹೇಳ್ಲಿ. ಕೆಂಪು ನೀರು ಮುಟ್ಟಿದ್ರೆ ಬಳ್ಳಿ ಇರ್ಲಿ. ಇಲ್ದಿದ್ರೆ ದಸರಾ ಕಳೀತಿದ್ದಂಗೇ ಮುನಿರಾಜ ಜೆಸಿಬಿ ಕರೆಸ್ಲಿ."

ಹಿರಿಯರ ಹಬ್ಬದ ದಿನ ಎಡೆ ಇಟ್ಟು, ಧೂಪ ಹಾಕಿ, ನಡುಮನೆಯ ಬಾಗಿಲು ಎಳೆದುಕೊಂಡು ಮನೆಮಂದಿಯೆಲ್ಲ ಹೊರಗೆ ಬಂದು ಕೂರಬೇಕು. ಒಳಗೆ ಹಿರಿಯರು ಬಂದು ಉಂಡು ಹೋಗುತ್ತಾರೆ. ಅವರು ಲೋಟ ಮುಟ್ಟಿದ್ದರೆ ಒಂದು ಗೆರೆಯಷ್ಟಾದರೂ ಇಳಿದಿರುತ್ತದೆ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಅಳತೆ ಹಿಡಿದು ನೋಡಿದವರಿಲ್ಲ. ಹರಿ ಇಂಥವನ್ನೆಲ್ಲ ನಂಬುವ ಪೈಕಿ ಅಲ್ಲ. ಕ್ಯಾಂಟೀನಿನಲ್ಲಿ ಕೂತು ಮೂಢನಂಬಿಕೆಯ ಬಗ್ಗೆ ಅಮರನಿಗೆ ಉಪನ್ಯಾಸ ಕೊಟ್ಟವನು. ಅಂಥವನು ಈಗ ಸತ್ತ ತಾತನ ನಾಲಿಗೆಗೆ ಹಗುರ ವೈನ್ ಹಿಡಿಸೀತೋ ಇಲ್ಲವೋ ಎಂದು ಚಿಂತೆ ಮಾಡಿ ಮಾಡಿ, ಕೆಲಸದಲ್ಲಿ ಒಬ್ಬ ಗಿರಾಕಿಯ ಕೆನೆ ಬಣ್ಣವನ್ನು ಹಳದಿ ಮಾಡಿಟ್ಟ.

ಅಮಾವಾಸ್ಯೆಯ ದಿನ ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಇಲ್ಲ. ಎಡೆಗೆ ಮೊದಲು ತಿನ್ನುವಂತಿಲ್ಲ. ಹರಿಯನ್ನು ಹಿತ್ತಲಿನ ಒಲೆಯ ಮುಂದೆ ಮಟನ್ ಕೆದಕಲು ನಿಲ್ಲಿಸಿದ್ದರು. ಹೊಗೆ, ಮಸಾಲೆ, ಹಸಿವು ಮೂರೂ ಸೇರಿ ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿ ಅಂಟಿಕೊಂಡಿತ್ತು. ಕೊನೆಗೂ ಎಡೆ ಸಿದ್ಧವಾಯಿತು. ಕಳಸ, ಹೂವಿನ ಹಾರ ಹಾಕಿದ ಜವರಪ್ಪನ ಫೋಟೋ, ಮಡಿಸಿಟ್ಟ ಹೊಸ ಪಂಚೆ, ಬಾಳೆಲೆಯ ಮೇಲೆ ಮುದ್ದೆ, ಮಟನ್ ಸಾರು, ಕೈಮ ಉಂಡೆ, ಕಜ್ಜಾಯ, ಒಂದು ಕಟ್ಟು ಬೀಡಿ. ಎಡಗಡೆ ಸ್ಟೀಲ್ ಲೋಟದ ತುಂಬ ಮುನಿರಾಜ್ ತಂದ ಬ್ರಾಂದಿ. ಬಲಗಡೆ ಇನ್ನೊಂದು ಸ್ಟೀಲ್ ಲೋಟದ ತುಂಬ ವೈನ್. ಹರಿ ತನ್ನ ಉದ್ದ ಕಾಲಿನ ಗ್ಲಾಸು ತಂದಿದ್ದ. ಕದಿರಮ್ಮ, "ಅದು ನಿಮ್ಮ ತಾತನ ಕೈಗೆ ನಿಲ್ಲಲ್ಲ, ಒಳಗಿಡು" ಅಂದಿದ್ದಳು.

ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದರು. ಹರಿ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದ.

"ಎಲ್ಲಿಗೆ?" ಅಂದಳು ಅನಸೂಯ.

"ಕಾಲು ತೊಳ್ಕೊಂಡು ಬರ್ತೀನಿ."

"ಈಗ ತಾನೇ ತೊಳ್ಕೊಂಡ್ರಲ್ಲ."

"ಇನ್ನೊಂದು ಕಾಲು."

ಮನೆಯ ಹಿಂದಿನಿಂದ ಬಚ್ಚಲು ದಾಟಿ, ಅಡುಗೆಮನೆ ದಾಟಿ, ನಡುಮನೆಗೆ ನುಗ್ಗಿದ. ಅವನ ಲೆಕ್ಕ ಸರಳ. ವೈನಿನ ಲೋಟದಿಂದ ಒಂದೇ ಒಂದು ಗುಟುಕು. ತಾತನಿಗೇನೂ ನಷ್ಟವಿಲ್ಲ. ಇಡೀ ತೋಟ ಉಳಿಯುತ್ತದೆ. ಮೂಢನಂಬಿಕೆಯನ್ನು ನಂಬದವನು ಅದನ್ನು ಸ್ವಲ್ಪ ಬಳಸಿಕೊಂಡರೆ ತಪ್ಪೇನು ಎಂದು ಒಳಗೊಬ್ಬ ವಕೀಲ ವಾದಿಸುತ್ತಿದ್ದ. ಫೋಟೋದಲ್ಲಿದ್ದ ಜವರಪ್ಪ ಮಾತ್ರ ಬದುಕಿದ್ದಾಗ ನೋಡುತ್ತಿದ್ದ ಹಾಗೇ ನೋಡುತ್ತಿದ್ದ, ಅಂದರೆ ಇವನ ಮೇಲೆ ಅಂಥ ಭರವಸೆ ಏನೂ ಇಲ್ಲದೆ.

ಕಿಟಕಿ ಮುಚ್ಚಿತ್ತು. ಒಂದು ದೀಪ ಬಿಟ್ಟರೆ ಕತ್ತಲೆ. ಹರಿ ಕುಕ್ಕರಗಾಲಲ್ಲಿ ಕೂತು ಲೋಟ ಎತ್ತಿದ. ತಣ್ಣನೆಯ ನೆಲದ ಮೇಲೆ ಕೂತು ಕೂತು ಲೋಟವೂ ತಣ್ಣಗಾಗಿತ್ತು. ಅಭ್ಯಾಸಬಲದಿಂದ ಬೆಳಕಿಗೆ ಹಿಡಿದ. ಸ್ಟೀಲು. ಏನೂ ಕಾಣಲಿಲ್ಲ. ಒಂದು ಗುಟುಕು ಕುಡಿದ.

ಮೊದಲು ಹುಳಿ ದವಡೆಯ ಮೂಲೆಗೆ ಕಚಗುಳಿ ಇಟ್ಟಿತು. ಹಿಂದೆಯೇ ಚಪ್ಪರದ ಕೆಳಗೆ ನಿಂತು ಗೊಂಚಲಿನಿಂದ ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಾಗ ಮೂಗಿಗೆ ಹತ್ತುವ ವಾಸನೆ. ಗಂಟಲಲ್ಲಿ ಭಾರವಿಲ್ಲ, ನಾಲಿಗೆಗೆ ಒಗರಿಲ್ಲ. ಮಟನ್ ಹೊಗೆ ಕುಡಿದು ಒಣಗಿದ್ದ ಬಾಯಿಯನ್ನು ಯಾರೋ ಬಾವಿನೀರಲ್ಲಿ ತೊಳೆದ ಹಾಗಾಯಿತು. ಇದು ಅಮರನ ಲೋಟಕ್ಕೆ ಹಾಕಿದ ವೈನೇನಾ? ಹರಿಗೆ ಅನುಮಾನ ಬಂತು. ಖಚಿತ ಮಾಡಿಕೊಳ್ಳಲು ಇನ್ನೊಮ್ಮೆ ಲೋಟ ಎತ್ತಿದ. ಹಗುರ ಎಂಬ ಮಾತನ್ನು ಇಷ್ಟು ದಿನ ಬೈಗುಳದ ಹಾಗೆ ಕೇಳಿಸಿಕೊಂಡಿದ್ದೆನಲ್ಲ, ಎಂದು ಯೋಚಿಸುತ್ತ ಯೋಚಿಸುತ್ತ ಲೋಟ ಇಳಿಸಿದಾಗ ತಳದಲ್ಲಿ ದೀಪದ ಮಿಣುಕು ಕಂಡಿತು. ಖಾಲಿ.

ಒಂದು ಗೆರೆ ಇಳಿದರೆ ತಾತ, ಪೂರ್ತಿ ಇಳಿದರೆ ಕಳ್ಳ. ವೈನಿನ ಬಾಟಲಿಗಳೆಲ್ಲ ಜಗಲಿಯಲ್ಲಿ, ಚಿಕ್ಕಪ್ಪನ ಪಕ್ಕದಲ್ಲಿದ್ದವು. ಚೊಂಬಿನಲ್ಲಿ ನೀರಿತ್ತು. ಇನ್ನೊಬ್ಬ ಯಾರಾದರೂ ಆಗಿದ್ದರೆ ನೀರನ್ನೇ ಸುರಿದು ಓಡುತ್ತಿದ್ದ. ಆದರೆ ಹರಿ ಬಣ್ಣ ಹೊಂದಿಸುವವನು. ನೀರಿಗೆ ಬಣ್ಣವಿಲ್ಲ, ಹೊಂದುವುದಿಲ್ಲ ಎಂದು ಅವನ ಕಸುಬು ಹೇಳಿತು. ಅತಿ ಹತ್ತಿರದ ಶೇಡ್ ಅಂದರೆ ಬ್ರಾಂದಿ. ಎಡಗಡೆಯ ಲೋಟದಿಂದ ಅರ್ಧ ಬಲಗಡೆಗೆ ಬಗ್ಗಿಸಿದ. ಕಂದು ಜಾಸ್ತಿಯಾಯಿತು ಅನ್ನಿಸಿತು. ಲ್ಯಾಬಿನಲ್ಲಿ ಕಂದು ಜಾಸ್ತಿಯಾದರೆ ಏನು ಮಾಡುತ್ತಾರೆ? ಒಂದು ಚಿಟಿಕೆ ಕೆಂಪು ಹಾಕುತ್ತಾರೆ. ತಟ್ಟೆಯಲ್ಲಿ ಕುಂಕುಮವಿತ್ತು.

ಒಂದು ಚಿಟಿಕೆ ಹಾಕಿ, ಬೆರಳಲ್ಲಿ ಕಲಸಿ, ದೀಪದ ಹತ್ತಿರ ಬಗ್ಗಿ ನೋಡಿದ. ಪರವಾಗಿಲ್ಲ, ಹೊಂದಿದೆ ಅಂದುಕೊಂಡ. ಹದಿಮೂರು ವರ್ಷದ ಅನುಭವ.

ಹೊರಗೆ ಮುನಿರಾಜ್ ಕೆಮ್ಮಿದ. ಹಿರಿಯರು ಊಟದ ನಡುವೆ ಇದ್ದರೆ ಮುಜುಗರವಾಗಬಾರದು ಅಂತ ಬಾಗಿಲು ತೆಗೆಯುವ ಮೊದಲು ಕೆಮ್ಮುವುದು ಪದ್ಧತಿ. ಹರಿ ಬಂದ ದಾರಿಯಲ್ಲೇ ಓಡಿ, ಮನೆ ಸುತ್ತಿ, ಎಲ್ಲರ ಹಿಂದೆ ಬಂದು ನಿಂತ. ಅನಸೂಯ ಅವನ ಕಡೆ ತಿರುಗಿದವಳು ಮೂಗು ಅರಳಿಸಿದಳು. "ಬಾಯಿ ಮುಚ್ಕೊಂಡು ಉಸಿರಾಡಿ" ಎಂದು ಪಿಸುಗುಟ್ಟಿದಳು.

ಮುನಿರಾಜ್ ಒಳಗೆ ಹೋಗಿ ಕಿಟಕಿ ತೆಗೆದ. ಬಗ್ಗಿ ಎರಡೂ ಲೋಟ ನೋಡಿದ. "ಅವ್ವ, ಎರಡೂ ಅರ್ಧರ್ಧ ಇಳಿದೈತೆ" ಅಂದ. ಆಮೇಲೆ ಬಲಗಡೆಯ ಲೋಟವನ್ನೇ ನೋಡುತ್ತ ನಿಂತುಬಿಟ್ಟ. ಕಿಟಕಿಯ ಬೆಳಕಿನಲ್ಲಿ ನೋಡಿದರೆ ಕುಂಕುಮ ಕರಗಿರಲಿಲ್ಲ. ಮೇಲೆ ಕೆನೆಯ ಹಾಗೆ ತೇಲುತ್ತಿತ್ತು.

"ಅವ್ವ," ಅಂದ ಮುನಿರಾಜ್, ಧ್ವನಿ ಒಡೆದಿತ್ತು. "ಕುಂಕುಮ ಇಟ್ಟು ಹೋಗವ್ರೆ ಅಪ್ಪ."

ಮನೆಯವರೆಲ್ಲ ಕೈಮುಗಿದರು. ಹರಿಯೂ ಮುಗಿದ, ಕೆಂಪಾಗಿದ್ದ ಬೆರಳನ್ನು ಎಡಗೈಯೊಳಗೆ ಮುಚ್ಚಿಟ್ಟು. ಮುನಿರಾಜ್ ಟವೆಲಿನಿಂದ ಕಣ್ಣು ಒರೆಸಿಕೊಂಡ. "ಗೋಡೌನ್ ಬೇಡ ಕಣವ್ವ. ಬಳ್ಳಿ ಮೇಲೆ ಅಪ್ಪನ ಜೀವ ಇನ್ನೂ ಐತೆ. ನಾನೇ ದುಡುಕ್ಬುಟ್ಟೆ."

ಹರಿಗೆ ಬೇಕಾದದ್ದು ಸಿಕ್ಕಿತ್ತು. ಬೇಕಾದ್ದಕ್ಕಿಂತ ಜಾಸ್ತಿಯೇ ಸಿಕ್ಕಿತ್ತು. ಔಷಧಿ ಹೊಡೆದು ಸುಲಿದ ಆ ಕೈಗಳು ಕಣ್ಣೊರೆಸಿಕೊಳ್ಳುವುದನ್ನು ನೋಡುತ್ತ ಅವನಿಗೆ ಹೊಟ್ಟೆಯೊಳಗಿನ ವೈನ್ ಮೊದಲ ಸಲ ಭಾರ ಅನ್ನಿಸಿತು. ಹೇಳಿಬಿಡಬೇಕು ಅಂತ ಬಾಯಿ ತೆರೆದ. ಬಾಯಿ ವಾಸನೆ ನೆನಪಾಗಿ ಮುಚ್ಚಿದ.

ಕದಿರಮ್ಮ ಮುಂದೆ ಬಂದು ಆ ಲೋಟವನ್ನು ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು, ಒಂದು ಹನಿ ಬಾಯಿಗೆ ಬಿಟ್ಟುಕೊಂಡಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾಲಿಗೆಯನ್ನು ತುಟಿಯ ಮೇಲೆ ಆಡಿಸಿದಳು.

"ಹರಿ, ಬಾ ಇಲ್ಲಿ. ತಾತನ ಪ್ರಸಾದ. ಮುಗಿಸು."

ಹರಿ ಮುಗಿಸಿದ. ಬ್ರಾಂದಿ ಗಂಟಲನ್ನು ಉಜ್ಜಿಕೊಂಡು ಇಳಿಯಿತು. ಕುಂಕುಮ ಹಲ್ಲಿಗೆ ಅಂಟಿತು. ಕಣ್ಣಲ್ಲಿ ನೀರು ತುಂಬಿ ಕೆಮ್ಮು ಒತ್ತರಿಸಿತು.

"ಹೆಂಗೈತೆ ನಿನ್ನ ವೈನು?"

"ಚೆನ್ನಾಗಿದೆ ಅಜ್ಜಿ."

ಕದಿರಮ್ಮ ಮಗನ ಕಡೆ ತಿರುಗಿದಳು. "ಅಳಬೇಡ ಬಾರೋ ಮುನಿರಾಜ. ನಿಮ್ಮಪ್ಪನ್ನ ನನಗಿಂತ ಚೆನ್ನಾಗಿ ಬಲ್ಲೆಯಾ ನೀನು? ಅವರೇ ಬಂದಿದ್ರೆ ಬ್ರಾಂದಿ ಮುಗಿಸಿ, ಗೊತ್ತಾಗ್ದಿರ್ಲಿ ಅಂತ ಅದಕ್ಕೆ ಕೆಂಪು ನೀರು ತುಂಬಿಟ್ಟು ಹೋಗೋರು. ಇಲ್ಲಿ ಉಲ್ಟಾ ಆಗೈತೆ. ವೈನ್ ಮುಗಿಸಿ ಬ್ರಾಂದಿ ತುಂಬಿಡೋ ಅಂಥ ದಡ್ಡ ನಮ್ಮ ವಂಶದ ಸತ್ತೋರಲ್ಲಿ ಯಾರೂ ಇಲ್ಲ. ಬದುಕಿರೋರಲ್ಲಿ ಹುಡುಕು."

ಯಾರೂ ಹೆಚ್ಚು ಹುಡುಕಬೇಕಾಗಲಿಲ್ಲ. ಅನಸೂಯ ನೆಲ ನೋಡುತ್ತಿದ್ದಳು, ಅವಳ ಭುಜ ಮಾತ್ರ ಕುಲುಕುತ್ತಿತ್ತು. ಮುನಿರಾಜ್ ಬಂದು ಹರಿಯ ಕೈ ಹಿಡಿದು ಬೆರಳು ಬಿಡಿಸಿ ನೋಡಿದ.

"ಅಪ್ಪನ ಫೋಟೋ ಮುಂದೆ ಕೂತ್ಕೊಂಡು ಮಾಡಿದ್ಯಲ್ಲೋ."

"ತಪ್ಪಾಯ್ತು ಚಿಕ್ಕಪ್ಪ. ಒಂದು ಗುಟುಕು ಅಂತಲೇ ಹೋಗಿದ್ದು."

"ನಾನು ಅತ್ತೆನಲ್ಲೋ ಎಲ್ಲರ ಮುಂದೆ."

ಇಷ್ಟು ಹೊತ್ತು ಗೋಡೆಗೊರಗಿ ನಿಂತಿದ್ದ ಬೈಲಪ್ಪ ಮೆಲ್ಲಗೆ ಕೇಳಿದ, "ಲೋಟ ಪೂರ್ತಿ ಕುಡಿದ್ಯಾ?"

"ಹೂಂ ಅಪ್ಪ."

"ಅಷ್ಟು ಚೆನ್ನಾಗಿತ್ತಾ?"

"ಹೂಂ."

"ನಾನು ಸೋಸಿದ್ದು" ಎಂದು ಬೈಲಪ್ಪ ಯಾರಿಗೂ ಅಲ್ಲ ಎಂಬಂತೆ ಹೇಳಿಕೊಂಡ.

"ಹಂಗಾದ್ರೆ ಏನವ್ವ ತೀರ್ಮಾನ?" ಅಂದ ಮುನಿರಾಜ್. "ಅಪ್ಪ ಮುಟ್ಟಿಲ್ಲ. ಜೆಸಿಬಿಯವನಿಗೆ ಹೇಳ್ತೀನಿ."

ವಾದ ಮಾಡುವ ಯೋಗ್ಯತೆ ತನಗೆ ಉಳಿದಿಲ್ಲ ಎಂಬಷ್ಟು ತಿಳಿವಳಿಕೆ ಹರಿಗಿತ್ತು. ಇಂಥ ತಿಳಿವಳಿಕೆ ಅವನಿಗೆ ಯಾವಾಗಲೂ ಕೆಲಸ ಕೆಟ್ಟ ಮೇಲೆಯೇ ಬರುತ್ತಿತ್ತು.

ಕದಿರಮ್ಮ ಎಡೆಯ ಮುಂದೆ ಕಾಲು ಚಾಚಿ ಕೂತಳು. "ಒಂದು ವರ್ಷ ತಡಿ. ಆರು ತಿಂಗಳಿಂದ ಇವನು ಬಾಯಿಗೆ ಹಾಕ್ಕೊಂಡಿದ್ದನ್ನೆಲ್ಲ ಉಗೀತಿದ್ದ. ಇವತ್ತು ದೇವರು ದಿಂಡರು, ಹಿರಿಯರು ಯಾರಿಗೂ ಹೆದರ್ದೆ ನುಂಗವ್ನೆ. ಬಳ್ಳಿ ಕೀಳೋಕೆ ನನಗೆ ಕೈ ಬರಾಕಿಲ್ಲ ಈಗ. ಆದ್ರೆ ಕೇಳ್ಲಾ ಹರಿ, ಇನ್ಮೇಲೆ ಔಷಧಿ ಹೊಡೆಯೋದು, ಬಳ್ಳಿ ಕಟಿಂಗ್ ಮಾಡೋದು ಎಲ್ಲಾ ನೀನೇ. ನಿಮ್ಮ ಚಿಕ್ಕಪ್ಪ ನೆರಳಲ್ಲಿ ಕೂತ್ಕೊಂಡು ತಪ್ಪು ಹೇಳ್ತಾನೆ. ಡ್ಯೂಟಿ ಗೀಟಿ ಅಂದ್ರೆ ಜೆಸಿಬಿ."

"ನನ್ನ ಗೋಡೌನು?" ಅಂದ ಮುನಿರಾಜ್.

"ಗೋಡೌನ್ ಎಲ್ಲಿಗೆ ಓಡೋಯ್ತದೆ? ವಾರಕ್ಕೊಂದು ಎದ್ದು ನಿಲ್ತಾ ಅವೆ ನಮ್ಮ ಸುತ್ತ. ಈಗ ಎಲೆ ಹಾಕ್ರಿ, ಹಸಿವಾಯ್ತದೆ."

ಎಲೆ ಹಾಕಿದರು. ಅನಸೂಯ ಜಗಲಿಯಿಂದ ಬಾಟಲಿ ತಂದು ದೊಡ್ಡವರ ಲೋಟಗಳಿಗೆಲ್ಲ ವೈನ್ ಬಗ್ಗಿಸಿದಳು. ಹರಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತ. ವೈನಿನ ಬಗ್ಗೆ ಯಾರಾದರೂ ಏನಾದರೂ ಹೇಳುತ್ತಾರೆಂದು ಕಾದ. ಮಟನ್ ಚೆನ್ನಾಗಿ ಬೆಂದಿದೆ ಅಂದರು. ಸಾರಿಗೆ ಖಾರ ಒಂದು ಚೂರು ಮುಂದಾಗಿದೆ ಅಂದರು. ಮುದ್ದೆ ಮುರಿದರು, ಒಂದು ಗುಟುಕು ಕುಡಿದರು, ಮತ್ತೆ ಮುದ್ದೆ ಮುರಿದರು. ಬಾಟಲಿ ಮುಗಿದು ಇನ್ನೊಂದು ಬಂತು.

ಅವನ ಪಕ್ಕದ ಎಲೆಯಲ್ಲೇ ಮುನಿರಾಜ್ ಕೂತಿದ್ದ. ಬೇರೆ ಜಾಗವಿರಲಿಲ್ಲ. ತುಂಬ ಹೊತ್ತು ಅತ್ತ ಕಡೆ ಮುಖ ಮಾಡಿಕೊಂಡೇ ಉಂಡ. ಲೋಟ ಎತ್ತಿ ಅರ್ಧ ಕುಡಿದು, ಕೆಳಗಿಟ್ಟು, ಎಲೆಯನ್ನೇ ನೋಡುತ್ತ ಕೇಳಿದ.

"ನಿಜ ಹೇಳು. ಅಲ್ಲಿ ಒಬ್ಬನೇ ಕೂತು ಕುಡಿಯೋವಾಗ ನಿನಗೆ ಏನನ್ನಿಸ್ತು?"

ಹರಿ ನೆಟ್ಟಗೆ ಕೂತ. ಆರು ತಿಂಗಳಿಂದ ಯಾರಾದರೂ ಈ ಪ್ರಶ್ನೆ ಕೇಳಲಿ ಅಂತ ಕಾದಿದ್ದ. ತೊಗಲು, ಹೊಗೆಸೊಪ್ಪು, ಒದ್ದೆ ಮಣ್ಣು, ಎಲ್ಲಾ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಒಂದೂ ಈ ವೈನಿನದಲ್ಲ.

"ಬಾಯಾರಿಕೆ ಆಗಿತ್ತು ಚಿಕ್ಕಪ್ಪ," ಅಂದ. "ಆಮೇಲೆ ಆಗ್ಲಿಲ್ಲ."

ಮುನಿರಾಜ್ ಒಂದು ತುತ್ತು ಮುದ್ದೆ ನುಂಗಿದ. ಉಳಿದರ್ಧ ವೈನನ್ನೂ ಕುಡಿದು, ಲೋಟವನ್ನು ಹರಿಯ ಎಲೆಯ ಕಡೆ ಸರಿಸಿದ.

"ಹಾಕು. ಬೆಳಿಗ್ಗೆ ಆರಕ್ಕೆ ತೋಟದಲ್ಲಿರು. ಔಷಧಿ ಪಂಪು ಹೊತ್ಕೊಳ್ಳೋದು ಹೆಂಗೆ ಅಂತ ಮೊದಲು ಹೇಳಿಕೊಡ್ಬೇಕು ನಿನಗೆ."